ಸುಷ್ಮಿತಾಳ ಮೂಗಿನ ಸಮಾಚಾರ

ಅಕ್ಟೋಬರ್ 3, ಗುರುವಾರ

ಮಾನ್ಯ ಅಧ್ಯಕ್ಷರೇ, ವೇದಿಕೆಯ ಗಣ್ಯರೇ, ಗೋಡೆ ಮೇಲಿನ ಹಲ್ಲಿಯೇ — ಕಲಬುರಗಿಯ ಈ ಒಂಟಿ ಮನೆಯಿಂದ ಇಂದಿನ ವರದಿ. ಪ್ರೆಸ್‌ನಲ್ಲಿ ಲಗ್ನಪತ್ರಿಕೆ ತಿದ್ದಿದೆ. ಊರವರ ಲಗ್ನ, ನಾನು ಪ್ರೂಫಿನಲ್ಲಿ ಮಗ್ನ. ವಯಸ್ಸು ನಲವತ್ತೈದಾಯಿತು. ಚಹಾ ಒಬ್ಬಳೇ ಕುಡಿದೆ.

ನಾಳೆ ಕಮಲಾಪುರದಿಂದ ತಂಗಿ ಸುಜಾತಾ ಬರುತ್ತಾಳೆ, ಮಗ ಕುನಾಲನನ್ನು ಡಾಕ್ಟರಿಗೆ ತೋರಿಸಲು. ಏಳು ವರ್ಷ. ಅಸ್ತಮಾ. ಮೂಗು ಸದಾ ಬಿಟ್ಟ ನಲ್ಲಿ.

ಅ. 4

ದವಾಖಾನೆ. ಕುನಾಲ ಸೀನಿದ, ಸುಜಾತಾ ಟವೆಲ್ ಹಿಡಿದು ಓಡಿದಳು. ಅವನ ಅಕ್ಕ ಸುಷ್ಮಿತಾ, ಹದಿಮೂರು, ಚೀಲ ಹಿಡಿಯಲು ಬಂದವಳು. ಬಾಯಿ ತೆರೆದು ಉಸಿರಾಡುತ್ತ ಕೂತಿದ್ದಳು. ಡಾಕ್ಟರಮ್ಮ ಅವಳನ್ನೇ ನೋಡಿದರು.

"ಈಕಿಗೂ ಮೂಗು ಕಟ್ತದೇನ್ರೀ?"

"ಅಕಿಗೇನೂ ಇಲ್ರೀ. ಮೊದ್ಲಿಂದ ಬಾಯಿ ತಕ್ಕೊಂಡೇ ಮಲಗ್ತಾಳ," ಎಂದಳು ಸುಜಾತಾ.

"ಸಣ್ಣವರಿದ್ದಾಗ ಗಂಡುಹುಡುಗರಿಗೆ ಮೂಗಿನ ಕಾಟ ಜಾಸ್ತಿ ರೀ. ಹರೇಕ್ಕ ಬಂದ ಮ್ಯಾಲ ಹುಡುಗ್ಯಾರ ಪಾಳಿ. ಸೋರಿದ್ರ ಕಾಣ್ತದ, ಕಟ್ಟಿದ್ರ ಕಾಣಂಗಿಲ್ಲ."

ಪರೀಕ್ಷೆ ಆಯಿತು. ಅವಳಿಗೂ ಅಸ್ತಮಾ. ಮೂಗಿಗೆ ಸ್ಪ್ರೇ, ಎದೆಗೆ ಬಾಯಲ್ಲಿಟ್ಟು ಎಳೆಯುವ ಪಂಪು.

ಹೊರಗೆ ಬಂದು ಸುಜಾತಾ ನನ್ನ ಕಿವಿಯಲ್ಲಿ: "ಅಕ್ಕಾ, ಊರಾಗ ಯಾರರ ಈ ಪಂಪು ನೋಡಿದ್ರ, ನಾಳೆ ಅಕಿನ್ನ ಯಾರು ಲಗ್ನ ಮಾಡ್ಕೋತಾರ? ದಸರಾ ಸೂಟಿ ಅದ. ಆರಾಮಾಗೋ ತನಕ ನಿನ್ನ ಹತ್ರನೇ ಇರ್ಲಿ."

ತಮ್ಮನ ಮೂಗಿಗೆ ಕರವಸ್ತ್ರ,
ಅಕ್ಕನ ಮೂಗಿಗೆ ಯಾವ ಶಾಸ್ತ್ರ?

ಅ. 7

ಸ್ಪ್ರೇ ಪಾಠ. "ಬಲಗೈಲಿ ಎಡಮೂಗು, ಎಡಗೈಲಿ ಬಲಮೂಗು, ತಪ್ಪಿದರೆ ನನ್ನ ಕೂಗು."

"ದೊಡ್ಡವ್ವ, ನಿನ್ನ ಪದ್ಯ ಕೇಳಿನೇ ಮೂಗು ಕಟ್ಟಾಕತ್ತದ!"

ಇಬ್ಬರಿಗೆ ಚಹಾ. ಸಕ್ಕರೆ ಅಂದಾಜು ತಪ್ಪಿತು. ಇಬ್ಬರಿಗೆ ಮಾಡಿ ರೂಢಿಯಿಲ್ಲ.

ಅ. 12

ಬೆಳ್ಳುಳ್ಳಿ ಒಗ್ಗರಣೆ ಹಾಕುತ್ತಿದ್ದೆ. ಓಡಿ ಬಂದಳು. "ಬಳ್ಳೊಳ್ಳಿ ವಾಸನಿ ಹಿಂಗಿರ್ತದೇನು?"

ಈಗ ಬಾಯಿ ಮುಚ್ಚಿ ಮಲಗುತ್ತಾಳೆ. ಗೊರಕೆ ನಿಂತಿದೆ. ಸಂತೋಷಪಡಬೇಕು... ಪಡುತ್ತಿದ್ದೇನೆ.

ಅ. 18, ಸಂಜೆ

ಸೋಮವಾರ ಶಾಲೆ ಶುರು. ಸುಜಾತಾಳ ಫೋನು — "ಆರಾಮಾಗಿದ್ರ ಕಳಿಸಿಬಿಡು."

ದವಾಖಾನೆಗೆ ಹೋದೆವು. "ಇನ್ನೂ ಮೂಗು ಕಟ್ತದೇನ್ರೀ?" ಡಾಕ್ಟರಮ್ಮ ಕೇಳಿದರು. ಸುಷ್ಮಿತಾ ಉತ್ತರಿಸುವ ಮೊದಲೇ ನಾನೆಂದೆ:

"ಕಟ್ತದ್ರೀ. ಭಾಳ ಕಟ್ತದ."

ಡೋಸ್ ಹೆಚ್ಚಿಸಿದರು. ಇನ್ನಷ್ಟು ದಿನ ಕಲಬುರಗಿಯಲ್ಲೇ ಇರಲಿ, ನೋಡೋಣ ಎಂದರು.

ಆಟೋದಲ್ಲಿ ಅವಳು ಹೊರಗೆ ನೋಡುತ್ತಲೇ ಹೇಳಿದಳು: "ಕಟ್ಟಿದ್ದಾಗ ಅವ್ವ ಇಲ್ಲ ಅಂದ್ಲು. ಕಟ್ಟದಿದ್ದಾಗ ನೀ ಅದ ಅಂದಿ. ಮೂಗು ನಂದ ಅದಲ್ಲ ದೊಡ್ಡವ್ವ, ನನ್ನ ಯಾರೂ ಕೇಳಂಗೇ ಇಲ್ಲೇನು?"

ಪ್ರಾಸ ಹುಡುಕಿದೆ. ಸಿಗಲಿಲ್ಲ.

ಇದನ್ನು ಕೇಳುವವರು ಯಾರೂ ಇಲ್ಲ, ಗೊತ್ತು. ಅವಳು ಹೋದರೆ ಈ ಮನೆಯಲ್ಲಿ ಉಸಿರಾಡುವವಳು ನಾನೊಬ್ಬಳೇ. ಅದಕ್ಕೇ ಹೇಳಿದೆ. ಬೇರೆ ಕಾರಣವಿಲ್ಲ.

ಅಡುಗೆಮನೆಯಲ್ಲಿ ಸ್ಪ್ರೇ ಬಾಟಲಿ ಅಲುಗಾಡಿಸುವ ಸದ್ದು... ಹೊಸ ಡೋಸು. ತೊಗೋಬೇಡ, ಸುಷ್ಮಿತಾ, ತಡಿ —