ಸಂತನ ಹೆಸರಿನ ಮಾತ್ರೆ

ಅಲ್ ಮೀನಾ, ಅಬುಧಾಬಿ
12 ಜೂನ್ 2025, ಗುರುವಾರ ಮಧ್ಯಾಹ್ನ

ಪ್ರೀತಿಯ ತಮ್ಮ ಆಲ್ವಿನ್‌ಗೆ,

ಜೂಡಿತ್ ಅಕ್ಕನ ತುಂಬು ಪ್ರೀತಿ. ಹೇಗಿದ್ದೀಯಾ? ಜ್ವರ ಏನಾದರೂ ಇದೆಯಾ? ಕಾಲು ಬಾತಿಲ್ಲ ತಾನೆ? ಮೂತ್ರ ಸರಿಯಾಗಿ ಹೋಗುತ್ತಿದೆಯಾ? ಕಾಗದದಲ್ಲಿ ಇಂಥದ್ದನ್ನೆಲ್ಲ ಕೇಳುವ ಅಕ್ಕ ಈ ಇಡೀ ಗಲ್ಫಿನಲ್ಲಿ ನಾನೊಬ್ಬಳೇ ಇರಬೇಕು. ಏನು ಮಾಡುವುದು, ನನ್ನದೊಂದು ಕಿಡ್ನಿ ನಿನ್ನ ಹೊಟ್ಟೆಯಲ್ಲಿ ಕೂತಿರುವಾಗ ನಾನು ಕೇಳದೆ ಇನ್ಯಾರು ಕೇಳಬೇಕು? ಇಲ್ಲಿ ನಾವು ಚೆನ್ನಾಗಿದ್ದೇವೆ ಎಂದು ಬರೆಯುವುದು ಪದ್ಧತಿ, ಹಾಗೇ ತಿಳಿದುಕೋ. ನಿನ್ನ ಭಾವನಿಗೆ ಮೊಣಕಾಲು ನೋವು, ಆದರೂ ಲಿಫ್ಟಿಗೆ ಕಾಯುವ ತಾಳ್ಮೆ ಇಲ್ಲ. ಮಗಳು ಆನ್ ಮರಿಯಾಳ ಪರೀಕ್ಷೆ ಮುಗಿದು ಈಗ ಮಧ್ಯಾಹ್ನದವರೆಗೆ ನಿದ್ದೆ. ಎಬ್ಬಿಸಿದರೆ ಇಂಗ್ಲಿಷಿನಲ್ಲೇ ಬೈಗುಳ. ಮನೆಯಲ್ಲಿ ನಾವು ಕೊಂಕಣಿಯಲ್ಲಿ ಜಗಳವಾಡುವವರಾದರೂ ಬರೆಯಲು ಕೂತರೆ ನನಗೆ ಶಾಲೆಯ ಕನ್ನಡವೇ ಬರುತ್ತದೆ, ನಿನಗೂ ಹಾಗೇ ತಾನೆ. ಅಕ್ಷರ ಓರೆಕೋರೆಯಾಗಿದ್ದರೆ ನಗಬೇಡ. ಅವಸರದಲ್ಲಿ ಬರೆಯುತ್ತಿದ್ದೇನೆ.

ಮೊದಲು ಒಂದು ಮಾತು, ಉಳಿದದ್ದನ್ನು ಆಮೇಲೆ ಓದು. ನಾನು ಕಳಿಸಿದ ಆ ಕಾಫಿ ಬಾಟಲಿಯ ಮಾತ್ರೆ ಇದೆಯಲ್ಲ, ಬೇಸರಕ್ಕೆ ಎಂದು ಕೊಟ್ಟದ್ದು, ಅದನ್ನು ಇನ್ನು ಒಂದೂ ನುಂಗಬೇಡ. ಆದರೆ ಬಾಟಲಿಯನ್ನು ಬಿಸಾಡಬೇಡ. ಕಿಡ್ನಿಯ ಮಾತ್ರೆಗಳನ್ನು ಮಾತ್ರ ಡಾಕ್ಟರು ಹೇಳಿದ ಹಾಗೆಯೇ ತೆಗೆದುಕೊಳ್ಳುತ್ತಿರು, ಹೆಚ್ಚೂ ಬೇಡ, ಕಡಿಮೆಯೂ ಬೇಡ. ಇಷ್ಟು ಮಾಡಿ ನಿನ್ನ ಕ್ಲಿನಿಕ್ಕಿಗೆ ಈಗಲೇ ಫೋನ್ ಮಾಡು. ಅವರು ಬೆಳಿಗ್ಗೆಯಿಂದ ನಿನ್ನನ್ನು ಹುಡುಕುತ್ತಿದ್ದಾರೆ. ಗೊತ್ತಿಲ್ಲದ ನಂಬರನ್ನು ನೀನು ಎತ್ತುವುದಿಲ್ಲ, ಗೊತ್ತಿರುವ ಅಕ್ಕನ ನಂಬರನ್ನು ಬ್ಲಾಕ್ ಮಾಡಿದ್ದೀಯ, ಭಾವನ ಫೋನನ್ನೂ ಎತ್ತುತ್ತಿಲ್ಲ. ನಿನ್ನ ರೂಮಿನ ಹರ್ಷಿತ್‌ಗೆ ಫೋನ್ ಮಾಡಿ ಅಕ್ಕನಿಗೆ ಫೋನ್ ಮಾಡಲು ಹೇಳು ಎಂದೆ. ಅವನು ಓಕೆ ಆಂಟಿ ಓಕೆ ಆಂಟಿ ಎಂದ, ಅಷ್ಟೇ. ವಿಷಯ ಏನೆಂದು ಅವನಿಗೆ ಹೇಳಲಿಲ್ಲ. ಮನಸ್ಸಿನ ಮಾತ್ರೆಯ ಸುದ್ದಿ ಯಾರಿಗೂ ಗೊತ್ತಾಗಬಾರದು ಎಂದು ನೀನು ಅಮ್ಮನ ಹೆಸರು ಹಿಡಿದು ಆಣೆ ಮಾಡಿಸಿಕೊಂಡಿದ್ದೀಯಲ್ಲ. ಅದಕ್ಕೇ ಈ ಕಾಗದ. ಮೀನಿನ ವ್ಯಾನಿನ ಶುಕೂರ್ ಸಂಜೆ ದುಬೈಗೆ ಲೋಡು ಇಳಿಸಲು ಹೋಗುವಾಗ ಅಲ್ ಕುಸೈಸಿನ ನಿನ್ನ ರೂಮಿನ ಹತ್ತಿರ ನಿಲ್ಲಿಸಿ ನಿನ್ನ ಕೈಗೇ ಕೊಡುತ್ತಾನೆ. ಜೊತೆಗೆ ಅಂಜಲ್ ಮೀನಿನ ಸಾರು ಇದೆ. ನನಗೆ ತೆರೆಯದಿದ್ದರೂ ಅಂಜಲಿಗೆ ನೀನು ಬಾಗಿಲು ತೆರೆಯುತ್ತೀಯ ಎಂದು ನನಗೆ ಗೊತ್ತು.

ಮೊನ್ನೆ ಫೋನಿನಲ್ಲಿ ನಾನು ಆಡಿದ ಮಾತು ತಪ್ಪು. ನಿನ್ನ ರಕ್ತದ ರಿಪೋರ್ಟು ಬಂದಾಗ ನೀನೇ ಮೆಸೇಜು ಕಳಿಸಿದ್ದೆ. ಕ್ರಿಯಾಟಿನಿನ್ ಏರಿದೆ, ಕಿಡ್ನಿಯ ಮಾತ್ರೆಯ ಲೆವಲ್ ಇಳಿದಿದೆ, ಡೋಸು ತಪ್ಪಿಸುತ್ತಿದ್ದೀಯಾ ಎಂದು ಡಾಕ್ಟರು ಕೇಳಿದರು ಎಂದೆಲ್ಲ ಬರೆದಿದ್ದೆ. ನಾನು ಹಿಂದೆಮುಂದೆ ನೋಡದೆ ಫೋನ್ ಮಾಡಿ, ನನ್ನ ಕಿಡ್ನಿಯನ್ನು ಕಸಕ್ಕೆ ಹಾಕುತ್ತಿದ್ದೀಯಾ ಎಂದು ಕೂಗಾಡಿದೆ. ನೀನು ಸಮಾಧಾನದಲ್ಲೇ ಹೇಳಿದೆ, "ಒಂದು ಸಲವೂ ತಪ್ಪಿಸ್ಲಿಲ್ಲ ಅಕ್ಕಾ." ನಾನು ನಂಬಲಿಲ್ಲ. ಆಗ ನೀನು, "ಬೇಕಾದ್ರೆ ವಾಪಸ್ ತಗೋ ನಿನ್ನ ಕಿಡ್ನಿ" ಎಂದು ಫೋನ್ ಇಟ್ಟೆ. ಆ ಮಾತು ಹೊಟ್ಟೆಯ ಗಾಯದ ಗುರುತಿನ ಹತ್ತಿರ ಎಲ್ಲೋ ಹೋಗಿ ಕೂತಿದೆ. ಆದರೆ ನೀನು ಹೇಳಿದ್ದೇ ನಿಜ. ನೀನು ಒಂದು ಮಾತ್ರೆಯನ್ನೂ ತಪ್ಪಿಸಿಲ್ಲ. ನುಂಗಿದ ಮಾತ್ರೆಯನ್ನು ಕೆಲಸ ಮಾಡಲು ಬಿಡದ ಇನ್ನೊಂದು ಮಾತ್ರೆಯನ್ನು ನಾನೇ ಪಾರ್ಸೆಲ್ ಮಾಡಿ ಕಳಿಸಿದ್ದೆ.

ನೆನಪಿದೆಯಾ, ಆಪರೇಷನ್ ಆಗಿ ವರ್ಷ ತುಂಬಿತೆಂದು ನಿನ್ನ ದುಬೈ ಸ್ನೇಹಿತರೆಲ್ಲ ಸೇರಿ ಮಾಡಿದ ಊಟ? ನನ್ನ ಗೆಳತಿ ಶಾರನ್ ಕಿಡ್ನಿಯ ಆಕಾರದ ಕೇಕ್ ಮಾಡಿ ತಂದಿದ್ದಳು. ಅದನ್ನು ಕತ್ತರಿಸಿ ಕೊಟ್ಟಾಗ ನಾನಂತೂ ನನ್ನ ತುಂಡನ್ನು ಪಕ್ಕದವರ ತಟ್ಟೆಗೆ ದಾಟಿಸಿದೆ. ನನಗೊಂದು ಶಾಲು, ಚಪ್ಪಾಳೆ. ನಿನ್ನ ಬೆನ್ನು ತಟ್ಟಿದವರೆಲ್ಲ ಒಂದೇ ಮಾತು, "ಇನ್ನೆಂತ ಚಿಂತೆ ಮಾರಾಯಾ, ಅಕ್ಕ ಜೀವ ಕೊಟ್ಟಾಯ್ತಲ್ಲ!" ಆಮೇಲೆ ನೀನು ಕಾಣಲಿಲ್ಲ. ಹುಡುಕಿದರೆ ಮೆಟ್ಟಿಲ ಮೇಲೆ ಕೂತಿದ್ದೆ. "ಅಕ್ಕಾ, ನಂಗೆ ಖುಷಿಯೇ ಆಗುದಿಲ್ಲ. ಬೆಳಿಗ್ಗೆ ಏಳುದೇ ಬೇಡ ಅನ್ಸ್ತದೆ. ಯಾರಿಗೂ ಹೇಳ್ಲಿಕ್ಕೂ ಆಗುದಿಲ್ಲ, ಕೃತಘ್ನ ಅಂತಾರೆ" ಎಂದೆ. ನಾನು ನಿನ್ನ ಪಕ್ಕ ಕೂತೆ. ಜೀವ ಸಿಕ್ಕಿದವನಿಗೆ ಬೇಸರವಾಗಬಾರದು ಎಂದು ಯಾರು ಕಾನೂನು ಮಾಡಿದ್ದಾರೋ! ಮನಸ್ಸಿನ ಡಾಕ್ಟರ ಹತ್ತಿರ ಹೋಗೋಣ ಎಂದರೆ ನೀನು ಒಪ್ಪಲಿಲ್ಲ. ಇನ್ಶೂರೆನ್ಸಿನ ದಾಖಲೆಯಲ್ಲಿ ಬರುತ್ತದೆ, ಮುರಕ್ಕಬಾತಿನ ನಿನ್ನ ಆಫೀಸಿಗೆ ಗೊತ್ತಾಗುತ್ತದೆ, ವೀಸಾ ರಿನ್ಯೂವಲ್‌ಗೆ ತೊಂದರೆಯಾಗುತ್ತದೆ ಎಂದೆ. ಅದೆಲ್ಲ ನಿಜವೋ ಸುಳ್ಳೋ ನಾವಿಬ್ಬರೂ ಯಾರನ್ನೂ ಕೇಳಲಿಲ್ಲ. ಹೆದರಿಕೆ ಇದ್ದಾಗ ಕೇಳುವ ಧೈರ್ಯ ಎಲ್ಲಿಂದ ಬರುತ್ತದೆ.

ಆಗ ಈ ಶಾರನ್ ಜರ್ಮನಿಯಲ್ಲಿರುವ ತಂಗಿಯ ಮನೆಗೆ ಹೊರಟಳು. ಅಲ್ಲಿ ಬೇಸರಕ್ಕೆ ಒಂದು ಗಿಡದ ಮಾತ್ರೆ ಅಂಗಡಿಯಲ್ಲೇ ಸಿಗುತ್ತದೆ, ಹಳದಿ ಹೂವಿನ ಗಿಡ, ಸೇಂಟ್ ಜಾನ್ಸ್ ವರ್ಟ್ ಎಂದಳು. ಜಾನ್ ಎಂದರೆ ನಮ್ಮ ಸಂತ ಜುವಾಂವ್! ನಮ್ಮ ಅಪ್ಪನ ಹೆಸರಿನ ಸಂತ, ಅಪ್ಪನ ಹೆಸರಿನ ಹಬ್ಬದ, ಫೆಸ್ತಿನ ಸಂತ! ನಾನು ಇನ್ನೇನೂ ಕೇಳಲಿಲ್ಲ. ಸಂತನ ಹೆಸರಿದೆ, ಗಿಡದಿಂದ ಮಾಡಿದ್ದು, ಡಾಕ್ಟರ ಚೀಟಿ ಬೇಡ, ಇದರಲ್ಲಿ ಕೆಟ್ಟದ್ದು ಎಲ್ಲಿಂದ ಬರಬೇಕು ಎಂದುಕೊಂಡೆ. ಶಾರನ್ ಎರಡು ಬಾಟಲಿ ತುಂಬ ತಂದಳು. ನಮ್ಮವರ ಬುದ್ಧಿ ನಿನಗೆ ಗೊತ್ತಲ್ಲ, ಊರಿಗೆ ಹೋಗಲಿ ಜರ್ಮನಿಗೆ ಹೋಗಲಿ, ಬರುವಾಗ ಬ್ಯಾಗಿನ ತೂಕ ಉಳಿಸಲು ಡಬ್ಬವನ್ನೆಲ್ಲ ಹರಿದು ಬಿಸಾಡುವುದು. ಅವಳೂ ಮಾತ್ರೆಗಳನ್ನು ಹಾಳೆಯಿಂದ ಒತ್ತಿ ಒತ್ತಿ ತೆಗೆದು ಖಾಲಿ ಕಾಫಿ ಬಾಟಲಿಗೆ ಹಾಕಿ ತಂದಳು. ಯಾವುದರ ಜೊತೆ ನುಂಗಬಾರದು ಎಂದು ಅಚ್ಚು ಹಾಕಿದ್ದ ಕಾಗದವೂ ಡಬ್ಬದ ಜೊತೆ ಅಲ್ಲೇ ಕಸದ ಬುಟ್ಟಿ ಸೇರಿತು. ಎಷ್ಟು ಚೆನ್ನಾಗಿ ಪ್ಯಾಕ್ ಮಾಡಿದ್ದೀಯೇ ಶಾರನ್ ಎಂದು ನಾನು ಅವಳನ್ನು ಹೊಗಳಿದೆ ಬೇರೆ. ಬಾಟಲಿಯ ಮುಚ್ಚಳದ ಮೇಲೆ ಸಣ್ಣ ಶಿಲುಬೆ ಬರೆದು ನಿನಗೆ ಕಳಿಸಿದೆ. ಹೆದರಬೇಡ, ಒಳ್ಳೆಯದಾಗುತ್ತದೆ, ನನಗೆ ಗೊತ್ತು ಎಂದೂ ಹೇಳಿದೆ. ಕೆಲವು ವಾರಗಳಲ್ಲಿ ನಿನ್ನ ಸ್ವರ ಬದಲಾಯಿತು. ನೀನು ಫೋನಿನಲ್ಲಿ ನಕ್ಕೆ. ಮೆಟ್ರೋದಲ್ಲಿ ಯಾರೋ ಮುದುಕನ ಜೊತೆ ಕ್ರಿಕೆಟ್ ಜಗಳ ಮಾಡಿದ ಕತೆ ಹೇಳಿದೆ. ಆ ದಿನ ನಾನು ಚರ್ಚಿಗೆ ಹೋಗಿ ಮೇಣದಬತ್ತಿ ಹಚ್ಚಿದೆ ಆಲ್ವಿನ್, ಅಷ್ಟು ಸಂತೋಷವಾಗಿತ್ತು.

ನಿನ್ನೆ ರಾತ್ರಿ ಕೆಮ್ಮಿಗೆ ಸಿರಪ್ ತರಲೆಂದು ನಮ್ಮ ಕಟ್ಟಡದ ಕೆಳಗಿನ ಫಾರ್ಮಸಿಗೆ ಹೋದೆ. ಅಲ್ಲಿಗೆ ಹೊಸದಾಗಿ ಬಂದಿರುವ ಫಾರ್ಮಸಿಸ್ಟ್ ಜಮೀಲ ನಮ್ಮ ಉಳ್ಳಾಲದವಳು. ಊರಿನ ಮಾತು ಆಡುತ್ತಲೇ ಅವಳು ಕೇಳಿದಳು, "ಬೇರೆ ಎಂತಾದ್ರೂ ತಗೊಳ್ತೀರಾ ಅಕ್ಕಾ? ಹರ್ಬಲ್, ಕಷಾಯ, ಟೀ, ಎಂತ ಇದ್ರೂ ಹೇಳಿ." ಅದನ್ನೆಲ್ಲ ಯಾರಾದರೂ ಮದ್ದು ಎನ್ನುತ್ತಾರಾ ಎಂದು ನಗುತ್ತಲೇ ಮಾತ್ರೆಯ ಹೆಸರು ಹೇಳಿದೆ. ಅವಳು ನಗಲಿಲ್ಲ. ಕೈಯಲ್ಲಿದ್ದ ಸಿರಪ್ಪನ್ನು ಶೆಲ್ಫಿಗೆ ವಾಪಸ್ ಇಟ್ಟಳು. ನನ್ನ ತಮ್ಮನೂ ಅದನ್ನೇ ತೆಗೆದುಕೊಳ್ಳುತ್ತಾನೆ, ಅವನಿಗೆ ಕಿಡ್ನಿ ಹಾಕಿದ್ದಾರೆ, ಆದರೂ ಏನೂ ತೊಂದರೆ ಇಲ್ಲ ಎಂದು ನಾನು ದೊಡ್ಡಸ್ತಿಕೆಯಲ್ಲಿ ಸೇರಿಸಿದೆ ನೋಡು, "ಯಾ ಅಲ್ಲಾ! ಕಿಡ್ನಿ ಹಾಕಿದವರಿಗೆ ಅದು ಕೊಡ್ಲಿಕ್ಕೇ ಇಲ್ಲ ಅಕ್ಕಾ!" ಎಂದು ಕೌಂಟರಿನಿಂದ ಈಚೆ ಬಂದು ನನ್ನನ್ನು ಕುರ್ಚಿಯಲ್ಲಿ ಕೂರಿಸಿದಳು. ನನ್ನ ಮುಖ ಹೇಗಿತ್ತೋ ಏನೋ.

ಅವಳು ಬಿಡಿಸಿ ಹೇಳಿದ್ದು ಇಷ್ಟು. ಈ ಗಿಡ ಲಿವರ್ ಕೈಯಲ್ಲಿ ಓವರ್‌ಟೈಮ್ ಮಾಡಿಸುತ್ತದಂತೆ. ನೀನು ನುಂಗುವ ಕಿಡ್ನಿಯ ಮಾತ್ರೆ ತನ್ನ ಕೆಲಸ ಮುಗಿಸುವ ಮೊದಲೇ ಲಿವರ್ ಅದನ್ನು ಗುಡಿಸಿ ಹಾಕುತ್ತದೆ. ಆಗ ನಿನ್ನ ದೇಹ ನನ್ನ ಕಿಡ್ನಿಯನ್ನು ನೋಡಿ, ಇವನು ಯಾರು, ಇವನಿಗೆ ವೀಸಾ ಕೊಟ್ಟವರು ಯಾರು ಎಂದು ಹೊರಗೆ ಹಾಕಲು ಹೊರಡುತ್ತದೆ. ಗಿಡದ ಮಾತ್ರೆ ನಿಲ್ಲಿಸಿದ ತಕ್ಷಣ ಎಲ್ಲ ಸರಿಯಾಗುವುದಿಲ್ಲ. ನಿಲ್ಲಿಸಿದ ಮೇಲೆ ಕಿಡ್ನಿಯ ಮಾತ್ರೆಯ ಲೆವಲ್ ಮತ್ತೆ ಏರಿಳಿಯುತ್ತದೆ, ಅದಕ್ಕೆ ರಕ್ತ ಪರೀಕ್ಷೆ ಮಾಡಿ ಮಾಡಿ ಡಾಕ್ಟರೇ ಡೋಸು ಸರಿಮಾಡಬೇಕು. ನೀನೇ ಲೆಕ್ಕಾಚಾರ ಹಾಕಿ ಹೆಚ್ಚುಕಡಿಮೆ ಮಾಡಬೇಡ. ಬೆಳಿಗ್ಗೆ ನಾನು ನಿನ್ನ ಕ್ಲಿನಿಕ್ಕಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅಲ್ಲಿಯ ನರ್ಸ್ ಬೈಯಲಿಲ್ಲ. ನಾಳೆ ಬೆಳಿಗ್ಗೆ ಮೊದಲ ಕೆಲಸ ಇದೇ, ಬರಲು ಹೇಳಿ, ನುಂಗುವುದನ್ನೆಲ್ಲ ಒಂದು ಚೀಲಕ್ಕೆ ಹಾಕಿ ತರಲು ಹೇಳಿ, ಅದಕ್ಕೂ ಮೊದಲು ಜ್ವರ ಬಂದರೆ ಅಥವಾ ಮೂತ್ರ ಕಡಿಮೆಯಾದರೆ ಕಾಯದೆ ಎಮರ್ಜೆನ್ಸಿಗೆ ಬರಲಿ ಎಂದರು. ಇನ್ನೂ ಹೊತ್ತು ಮೀರಿಲ್ಲ ತಾನೆ ಎಂದು ಕೇಳಿದೆ. ನೋಡದೆ ಹೇಳಲಾಗುವುದಿಲ್ಲ ಮೇಡಂ ಎಂದರು. ಆ ಉತ್ತರ ಹಿಡಿದುಕೊಂಡು ಕೂತಿದ್ದೇನೆ. ಸಾರಿಗೆ ಉಪ್ಪು ಹಾಕಿದ್ದೇನೋ ಇಲ್ಲವೋ ನೆನಪಿಲ್ಲ.

ಈಗಲೇ ಹೊರಟು ಬರುತ್ತಿದ್ದೆ. ಹೋಟೆಲಿನ ಲಾಂಡ್ರಿಯಲ್ಲಿ ಸಂಜೆ ಡ್ಯೂಟಿ, ಇವತ್ತು ರಜೆ ಕೇಳಿದರೆ ಸೂಪರ್‌ವೈಸರ್ ಅರಬಿಯಲ್ಲಿ ಮಾಫಿ, ಇಲ್ಲ ಎಂದು ಕೈ ಆಡಿಸಿದ, ನಾಳೆಗೆ ಹೇಗೋ ಕೊಟ್ಟ. ಅದೂ ಪೂರ್ತಿ ಕಾರಣವಲ್ಲ. ಬಂದು ಬೆಲ್ ಒತ್ತಿದಾಗ ನೀನು ಬಾಗಿಲು ತೆರೆಯದಿದ್ದರೆ ಎಂಬ ಹೆದರಿಕೆ. ನಾಳೆ ಮೊದಲ ಬಸ್ಸಿಗೇ ಬರುತ್ತೇನೆ, ಕೆಳಗೇ ನಿಂತಿರುತ್ತೇನೆ. ಕಿಡ್ನಿ ಡಾಕ್ಟರಿಗೆ ಮೆಟ್ಟಿಲ ಮೇಲೆ ನನಗೆ ಹೇಳಿದ್ದನ್ನೂ ಹೇಳಬೇಕು, ಮುಚ್ಚಿಡಬಾರದು. ಕಿಡ್ನಿಯ ಮಾತ್ರೆಯ ಜೊತೆ ಜಗಳವಾಡದ ಮನಸ್ಸಿನ ಔಷಧಗಳು ಇವೆಯಂತೆ, ಎಲ್ಲ ಗೊತ್ತಿರುವ ಡಾಕ್ಟರು ಆರಿಸಿ ಕೊಡಬೇಕು, ಅಷ್ಟೇ ಎಂದಳು ಜಮೀಲ. ನಿನ್ನ ಕ್ಲಿನಿಕ್ಕಿನ ಕಟ್ಟಡದಲ್ಲೇ ಮನಸ್ಸಿನ ಡಾಕ್ಟರ ಅಪಾಯಿಂಟ್‌ಮೆಂಟನ್ನೂ ಮಾಡಿದ್ದೇನೆ. ರೇಗಬೇಡ. ನಿನ್ನ ನಗು ಆ ಬಾಟಲಿಯ ಜೊತೆ ಹೋಗಿಬಿಟ್ಟರೆ ಏನು ಮಾಡುವುದು ಎಂಬ ಚಿಂತೆಯೂ ನನಗಿದೆ. ಆ ನಗು ನಿಜವಾಗಿತ್ತು, ಅದು ಮಾತ್ರ ನಮ್ಮ ಕಲ್ಪನೆಯಲ್ಲ.

ಸಾರನ್ನು ಬಿಸಿ ಮಾಡಿ ತಿನ್ನು. ಹರ್ಷಿತ್‌ಗೂ ಕೊಡು, ಪಾಪ, ಅವನಿಗೂ ಆಸೆ ಇರುತ್ತದೆ. ಭಾವನ ಪ್ರೀತಿ, ಆನ್ ಮರಿಯಾಳ ನಿದ್ದೆಗಣ್ಣಿನ ಮುತ್ತು. ಅಪ್ಪನ ಸಂತ ನಿನ್ನನ್ನೂ, ನಿನ್ನೊಳಗಿರುವ ನನ್ನದನ್ನೂ ಕಾಯಲಿ. ನೀನು ಫೋನ್ ಮಾಡುವವರೆಗೆ ನನಗೆ ಅನ್ನ ಇಳಿಯುವುದಿಲ್ಲ.

ನಿನ್ನ ಅಕ್ಕ,
ಜೂಡಿತ್ ಪಾಯ್ಸ್

ಮತ್ತೆ: ಶುಕೂರ್ ಕೆಳಗೆ ಹಾರ್ನ್ ಹೊಡೆಯುತ್ತಿದ್ದಾನೆ. ಒಂದು ವಿಷಯ ಬರೆಯದೆ ಬಿಟ್ಟಿದ್ದೆ, ಲಕೋಟೆ ಅಂಟಿಸಿದವಳು ಮತ್ತೆ ಹರಿದು ಬರೆಯುತ್ತಿದ್ದೇನೆ. ಶಾರನ್ ತಂದದ್ದು ಎರಡು ಬಾಟಲಿ ಎಂದೆನಲ್ಲ, ಇನ್ನೊಂದು ನನ್ನದು. ನಿನಗೆ ಕಳಿಸುವ ಮೊದಲಿನಿಂದಲೂ ನಾನು ನುಂಗುತ್ತಿದ್ದೆ, ಒಳ್ಳೆಯದಾಗುತ್ತದೆ ಎಂದು ಗೊತ್ತಾದದ್ದು ಹಾಗೆ. ಜಮೀಲ ಸಿರಪ್ ವಾಪಸ್ ಇಟ್ಟದ್ದು ಅದು ನನ್ನ ಮಾತ್ರೆಗೂ ಆಗಿಬರುವುದಿಲ್ಲ ಎಂದು. ಆಪರೇಷನ್ ಆದಮೇಲೆ ನನಗೂ ಏನೋ ಆಗಿದೆ ಆಲ್ವಿನ್. ನೋವಲ್ಲ, ಕೊಟ್ಟದ್ದಕ್ಕೆ ಪಶ್ಚಾತ್ತಾಪವೂ ಅಲ್ಲ, ದೇವರಾಣೆ. ಲಾಂಡ್ರಿಯಲ್ಲಿ ಬೆಡ್‌ಶೀಟ್ ಮಡಚುತ್ತ ಮಡಚುತ್ತ ಸುಮ್ಮನೆ ಅಳು ಬರುತ್ತದೆ. ಶಾಲು ಹೊದಿಸಿಕೊಂಡವಳು ಯಾರ ಹತ್ತಿರ ಹೇಳಲಿ? ನಿನ್ನ ಭಾವನಿಗೂ ಹೇಳಿಲ್ಲ. ನಾಳೆಯ ಆ ಮನಸ್ಸಿನ ಡಾಕ್ಟರ ಅಪಾಯಿಂಟ್‌ಮೆಂಟ್ ನನ್ನ ಹೆಸರಿನಲ್ಲಿದೆ. ಒಬ್ಬಳೇ ಒಳಗೆ ಹೋಗಲು ನನಗೆ ಹೆದರಿಕೆಯಾಗುತ್ತದೆ. ನೀನು ಜೊತೆಗೆ ಬಾ.