ಎರಡು ಸಲ ಅಗಲಿದವನಿಗೆ

ಪ್ರೀತಿಯ ಕೊಕ್ಕರೆ,

ನಿನಗೆ ಕಾಗದ ಬರೆದು ಎಷ್ಟು ವರ್ಷವಾಯಿತೋ. ಬರೆಯಬೇಕಾದಾಗ ಬರೆಯಲಿಲ್ಲ. ಈಗ ಓದುವವನೇ ಇಲ್ಲದಾಗ ಪೆನ್ನು ಹಿಡಿದು ಕೂತಿದ್ದೇನೆ. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು ಎಂದು ನೀನು ನಗುತ್ತಿದ್ದೆ. ನಗು ಮಾರಾಯ. ಬದುಕಿದ್ದ ನಿನ್ನನ್ನು ನಾಲ್ಕು ವರ್ಷ ಮುಂಚೆಯೇ ಸಾಯಿಸಿದವನು ನಾನು. ನಿನ್ನ ನಗುವನ್ನಾದರೂ ಸಹಿಸಿಕೊಳ್ಳಬೇಕು.

ಕೂತಿರುವುದು ನಮ್ಮ ವಿಶ್ವವಿದ್ಯಾಲಯದ ಹಳೆಯ ವಿದ್ಯಾರ್ಥಿಗಳ ಸಂಘದ ಕಚೇರಿಯಲ್ಲಿ. ಗ್ರಂಥಾಲಯದ ಹಿಂಬದಿಯ ಅದೇ ಕೋಣೆ, ಮುಚ್ಚಿದರೂ ಸಂದಿ ಬಿಡುವ ಅದೇ ಕಿಟಕಿ. ಮೂವತ್ತೈದು ವರ್ಷ ಅಚ್ಚಿನ ಮನೆಯಲ್ಲಿ ಕರಡು ತಿದ್ದಿ ನಿವೃತ್ತನಾದ ಮೇಲೆ, ವಾರಕ್ಕೆರಡು ದಿನ ಇಲ್ಲಿಗೆ ಬಂದು ಸಂಘದ ವಾರ್ಷಿಕ ಪತ್ರಿಕೆಯ ಕೊನೆಯ ಪುಟ ನೋಡಿಕೊಳ್ಳುತ್ತೇನೆ. 'ಅಗಲಿದವರು' ಎಂಬ ಪುಟ. ಗೋಡೆಗೆ ಮೂರು ಕಬ್ಬಿಣದ ಕಪಾಟುಗಳಿವೆ: ಇರುವವರು, ಪತ್ತೆಯಿಲ್ಲದವರು, ಅಗಲಿದವರು. ಒಬ್ಬೊಬ್ಬರಿಗೆ ಒಂದೊಂದು ಚೀಟಿ. ನಮ್ಮ ತಂಡದವರ ಚೀಟಿಗಳು ಮೊದಲನೆಯ ಕಪಾಟಿನಲ್ಲಿ ಒತ್ತೊತ್ತಾಗಿದ್ದ ಕಾಲವೊಂದಿತ್ತು. ಈಗ ಆ ಡ್ರಾಯರು ಎಳೆದರೆ ಏಳೇ ಏಳು ಚೀಟಿ ಒಂದರ ಮೇಲೊಂದು ಒರಗಿ ಬೀಳುತ್ತವೆ. ಮೂರನೆಯದನ್ನು ತೆಗೆಯಲು ಕಾಲು ಕೊಟ್ಟು ಎಳೆಯಬೇಕು.

ನಿನಗೆ ನೆನಪಿರಬೇಕು, ಮೂರನೇ ವರ್ಷದಲ್ಲಿ ನಮ್ಮ ಪಕ್ಕದ ಕೋಣೆಯ ಲೆಕ್ಕದ ಹುಡುಗ ಜ್ವರ ಬಂದು ಹಾಸ್ಟೆಲಿನ ರೋಗಿಗಳ ಕೋಣೆಯಲ್ಲಿ ಮಲಗಿದ್ದ. ನಾವೆಲ್ಲ ಪರೀಕ್ಷೆ ಬರೆದು ವಾಪಸು ಬರುವಷ್ಟರಲ್ಲಿ ಹೋಗಿಬಿಟ್ಟಿದ್ದ. ನೀರಿನ ಲೋಟ ಕೆಳಗೆ ಉರುಳಿತ್ತು. ಬಾಗಿ ಎತ್ತಿಕೊಡಲು ಒಬ್ಬರಿರಲಿಲ್ಲ. ಎಲ್ಲರೂ ಅಳುತ್ತಿದ್ದರೆ ನೀನು ಮಾತ್ರ ಊಟದ ಮನೆಗೆ ಹೋಗಿ ಒಂದು ಮರದ ಕುರ್ಚಿಯನ್ನು ಕರಕರ ಎಳೆದುಕೊಂಡು ಬಂದು ಆ ಖಾಲಿ ಹಾಸಿಗೆಯ ಪಕ್ಕಕ್ಕೆ ಹಾಕಿದೆ. "ಇನ್ಮೇಲೆ ಇದು ಖಾಲಿ ಇರಬಾರದು ಕಣ್ರೋ. ನಮ್ಮಲ್ಲಿ ಯಾರೂ ಒಬ್ಬರೇ ಹೋಗೋದು ಬೇಡ," ಅಂದೆ.

ಅವತ್ತಿನಿಂದ ಶುರುವಾದದ್ದು ಕುರ್ಚಿ ಪಾಳಿ. ಕಾಯಿಲೆ ಬಿದ್ದವನ ಪಕ್ಕದಲ್ಲಿ ಎರಡೆರಡು ಗಂಟೆ ಸರದಿಯಂತೆ ಕೂರುವುದು. ಆಮೇಲೆ ಅದು ಸಂಘದ ಪದ್ಧತಿಯೇ ಆಯಿತು. ಮನೆಮಂದಿ ಇಲ್ಲದ ಹಳೆಯ ವಿದ್ಯಾರ್ಥಿ ಆಸ್ಪತ್ರೆ ಸೇರಿದರೆ ಕಚೇರಿಗೆ ಒಂದು ಫೋನು ಬಂದರೆ ಸಾಕು, ಯಾರಾದರೂ ಹೋಗಿ ಕೂರುತ್ತಿದ್ದರು. ಇಂಥ ಪಾಳಿಯಲ್ಲಿ ನಾನೇ ಹನ್ನೊಂದು ಜನರ ಪಕ್ಕ ಕೂತಿದ್ದೇನೆ. ಇದನ್ನು ಹೆಮ್ಮೆಯಿಂದ ಹೇಳುತ್ತಿದ್ದೆ. ಈಗ ಹೇಳುವುದಿಲ್ಲ.

ನನಗೆ 'ಕಾಗುಣಿತ' ಎಂದು ಹೆಸರಿಟ್ಟವನೂ ನೀನೇ. ಹಾಸ್ಟೆಲಿನ ಪತ್ರಿಕೆಯ ಕರಡನ್ನು ಇಬ್ಬರೂ ಒಂದೇ ಮೇಜಿನಲ್ಲಿ ತಿದ್ದುತ್ತಿದ್ದೆವು. ನಾನು ಹೊಡೆದುಹಾಕಿದ ಮಾತಿನ ಕೆಳಗೆಲ್ಲ ನೀನು ಸಾಲಾಗಿ ಚುಕ್ಕಿ ಇಡುತ್ತಿದ್ದೆ. ಹೊಡೆದದ್ದನ್ನು ಲೆಕ್ಕಕ್ಕಿಡಬೇಡ, ಮೊದಲಿದ್ದಂತೆಯೇ ಇರಲಿ ಎಂದು ಅಚ್ಚಿನವರಿಗೆ ಹೇಳುವ ಗುರುತು ಅದು. "ಇರಲಿ ಬಿಡೋ ಕಾಗುಣಿತ, ನಿನಗೆ ಹೊಡೆಯೋದೊಂದೇ ಗೊತ್ತು," ಎಂದು ರೇಗಿಸುತ್ತಿದ್ದೆ. ನೀನು ಕಲ್ಲಿನ ಶಾಸ್ತ್ರ ಓದಿ ಕ್ವಾರಿಗೆ ಹೋದೆ, ನಾನು ಅಕ್ಷರದ ಧೂಳು ಕುಡಿಯಲು ಅಚ್ಚಿನ ಮನೆಗೆ ಹೋದೆ. ಮದುವೆಯಾಗು ಎಂದರೆ, ಅತ್ತಿಗೆ ಕೈಯೂಟ ಇರುವಾಗ ನನಗೇನು ಗ್ರಹಚಾರ ಅನ್ನುತ್ತಿದ್ದೆ. ನನ್ನವಳೂ ಅಷ್ಟೇ, ನೀನು ಬಂದ ದಿನ ನನ್ನನ್ನು ಕ್ಯಾರೇ ಅನ್ನುತ್ತಿರಲಿಲ್ಲ.

ಆರು ವರ್ಷದ ಹಿಂದೆ ಅವಳು ತೀರಿಕೊಂಡಳು. ನಿನಗೆ ಅವತ್ತೇ ಕಾಗದ ಹಾಕಿದೆ. ನೀನು ಬರಲಿಲ್ಲ. ಒಂದು ಸಾಲೂ ಬರಲಿಲ್ಲ. ಹದಿನೈದು ದಿನ ಬಾಗಿಲು ಸದ್ದಾದಾಗಲೆಲ್ಲ ನೀನೇ ಎಂದು ಎದ್ದೆ. ಆಮೇಲೆ ಏಳುವುದನ್ನು ಬಿಟ್ಟೆ. ಆ ಮನೆ ಖಾಲಿ ಮಾಡಿ, ಫೋನು ಕೀಳಿಸಿ, ತಂಗಿಯ ಮನೆಯ ಮಹಡಿಯ ಕೋಣೆಗೆ ಬಂದೆ. ನಿನಗೆ ಹೊಸ ವಿಳಾಸ ತಿಳಿಸಲಿಲ್ಲ. ಬೇಕೆಂದೇ ತಿಳಿಸಲಿಲ್ಲ. ಬೇಕಿದ್ದರೆ ಹುಡುಕಿಕೊಂಡು ಬರಲಿ ಎಂಬ ಹಟ.

ಈ ನಡುವೆ ನಿನಗೆ ಕಳಿಸಿದ ಸಂಘದ ಪತ್ರಿಕೆ ವಾಪಸು ಬರತೊಡಗಿತು. ಆಮೇಲೊಂದು ದಿನ ನಮ್ಮ ತಂಡದ ವಕೀಲ, ಮಾತಿಗೆ ಮಾತು ಬಂದು, "ಕೊಕ್ಕರೆ ತೀರಿಕೊಂಡನಂತಲ್ಲೋ, ಕ್ವಾರಿ ಕಡೆಯವರು ಯಾರೋ ಅಂದರು," ಅಂದ. ಈ ಪುಟವನ್ನು ನನಗೆ ಒಪ್ಪಿಸಿದ ಹಿಂದಿನ ಗುಮಾಸ್ತರು ಒಂದೇ ಒಂದು ಪಾಠ ಹೇಳಿಕೊಟ್ಟಿದ್ದರು: ಅಂತೆಕಂತೆ ನಂಬಿ ಯಾರ ಹೆಸರನ್ನೂ ಅಚ್ಚಿಗೆ ಕೊಡಬೇಡ, ಚೀಟಿ ತಿರುಗಿಸಿ ನೋಡು. ಪ್ರತಿ ಚೀಟಿಯ ಹಿಂಬದಿಯಲ್ಲಿ 'ನನ್ನ ವಿಷಯ ಇವರನ್ನು ಕೇಳಿ' ಎಂದು ಒಬ್ಬರ ಹೆಸರಿರುತ್ತದೆ. ಅವರ ಬಾಯಿಂದ ಬಂದರೆ ಮಾತ್ರ ಸಾವು.

ಹನ್ನೆರಡು ವರ್ಷದಲ್ಲಿ ನಾನು ತಿರುಗಿಸದೆ ಬಿಟ್ಟ ಚೀಟಿ ನಿನ್ನದೊಂದೇ. ನಿನ್ನ ವಿಷಯ ನನಗಿಂತ ಇನ್ನಾರಿಗೆ ಗೊತ್ತು, ಅಂಗೈ ಹುಣ್ಣಿಗೆ ಕನ್ನಡಿ ಯಾಕೆ ಅಂದುಕೊಂಡೆ. ಅದು ಅರ್ಧ ನಿಜ. ಉಳಿದರ್ಧ ಹೇಳಿಬಿಡುತ್ತೇನೆ. ನೀನು ಸತ್ತಿದ್ದೀಯ ಅಂದಾಗ ನನಗೆ ದುಃಖಕ್ಕಿಂತ ಮೊದಲು ಸಮಾಧಾನವಾಯಿತು. ಓಹೋ, ಸತ್ತಿದ್ದ, ಅದಕ್ಕೇ ಬರಲಿಲ್ಲ ಎಂಬ ಸಮಾಧಾನ. ಬದುಕಿದ್ದೂ ಬಾರದವನಿಗಿಂತ ಸತ್ತ ಗೆಳೆಯನೇ ನನಗೆ ಬೇಕಾಗಿದ್ದ. ಹಾಗಾಗಿ ಚೀಟಿಯನ್ನು ಎತ್ತಿ ಮೂರನೆಯ ಕಪಾಟಿಗೆ ಹಾಕಿದೆ.

ಎಂಟು ಸಾಲು ಬರೆದೆ. ಎಲ್ಲರೂ ಹೊಗಳಿದರು. ವಾರ್ಷಿಕ ಸಭೆಯಲ್ಲಿ ಅಗಲಿದವರ ಹೆಸರು ಓದುವಾಗ ಆಯಾ ತಂಡದವರು ಎದ್ದು ನಿಲ್ಲುವ ರೂಢಿ ನಿನಗೆ ಗೊತ್ತಲ್ಲ. ನಿನ್ನ ಹೆಸರಿಗೆ ಹನ್ನೊಂದು ಜನ ನಿಂತರು. ವಕೀಲ ಕಣ್ಣೊರೆಸಿಕೊಂಡ. ಆ ಹೊತ್ತಿಗೆ ನೀನು ಎಲ್ಲೋ ಕೂತು ಕೆಮ್ಮುತ್ತಿದ್ದೆ.

ಹೋದ ತಿಂಗಳು ಒಂದು ಮಂಗಳವಾರ ಎದೆರೋಗದ ಆಸ್ಪತ್ರೆಯ ನರ್ಸಮ್ಮ ಒಬ್ಬರು ಕಚೇರಿಗೆ ಬಂದರು. ಐವತ್ತರ ಹೆಂಗಸು, ನಡೆದು ನಡೆದು ಸವೆದ ಚಪ್ಪಲಿ. ರಜದ ದಿನ ಎರಡು ಬಸ್ಸು ಬದಲಿಸಿ ಬಂದಿದ್ದರು. 'ಕಾಗುಣಿತ' ಅನ್ನುವವರು ಯಾರು ಎಂದು ಕೇಳಿದರು. ಆ ಹೆಸರನ್ನು ಬೇರೆಯವರ ಬಾಯಲ್ಲಿ ಕೇಳಿ ಎದ್ದೆ, ನಾನೇ ಎಂದು ಕುರ್ಚಿ ಸರಿಸಿದೆ. ಅವರು ಕೂರಲಿಲ್ಲ. ನಿಂತೇ ಎಲ್ಲ ಹೇಳಿದರು.

ಕ್ವಾರಿ ಮುಚ್ಚಿದ್ದು, ಅಲ್ಲಿನ ಕಲ್ಲಿನ ಧೂಳು ನಿನ್ನ ಎದೆಯೊಳಗೆ ಉಳಿದುಕೊಂಡದ್ದು, ಆರು ವರ್ಷದಿಂದ ನೀನು ಆಸ್ಪತ್ರೆಗೂ ಅದರ ಎದುರಿನ ಒಂದು ಬಾಡಿಗೆ ಕೋಣೆಗೂ ಓಡಾಡಿಕೊಂಡಿದ್ದು, ಎಲ್ಲ ಆಗ ತಿಳಿಯಿತು. ನನ್ನ ಕಾಗದ ಮುಚ್ಚಿಹೋದ ಕ್ವಾರಿಯ ವಿಳಾಸಕ್ಕೆ ಹೋಗಿತ್ತು. ನಿನಗೆ ಅದು ಸಿಗಲೇ ಇಲ್ಲ. ಕೊನೆಯ ವಾರದಲ್ಲೂ ನೀನು, ನಮ್ಮ ಅತ್ತಿಗೆ ಬಂದರೆ ಈ ಆಸ್ಪತ್ರೆ ಸಾರಿಗೊಂದು ಗತಿ ಕಾಣಿಸುತ್ತಾಳೆ ಎನ್ನುತ್ತಿದ್ದೆಯಂತೆ. ಆರು ವರ್ಷ ನಾನು ಹಲ್ಲು ಕಡಿದದ್ದು ಯಾರ ಮೇಲೆ ಹೇಳು.

ನಿನ್ನ ಸಾವಿನ ಸುದ್ದಿಯನ್ನು ನೀನು ಓದಿದ್ದೂ ಅಲ್ಲೇ. ನಮ್ಮಲ್ಲೇ ಓದಿದ ಯಾರೋ ವೈದ್ಯರು, ರೋಗಿಗಳು ಕಾಯುವ ಕೋಣೆಯಲ್ಲಿ ಬಿಟ್ಟುಹೋದ ಹಳೆಯ ಸಂಚಿಕೆಯಂತೆ. ಎರಡು ವರ್ಷದ ಹಿಂದೆ. ಕೆಮ್ಮು ಹತ್ತಿಕೊಳ್ಳುವವರೆಗೆ ನಕ್ಕೆಯಂತೆ. ತಿಳಿಸಿಬಿಡಿ ಎಂದು ನರ್ಸಮ್ಮ ಹೇಳಿದ್ದಕ್ಕೆ, "ನಾನು ಸತ್ತ ಮೇಲೆ ಇಷ್ಟು ಒಳ್ಳೆಯವನಾಗಿದೀನಿ. ಬದುಕಿ ಬಂದು ಅವನ ಮುಖ ಯಾಕಮ್ಮ ಸಣ್ಣದು ಮಾಡಲಿ," ಅಂದೆಯಂತೆ. ನೀನು ಯಾವತ್ತೂ ಹಾಗೇ. ನಿನ್ನ ತಮಾಷೆ ನನಗೆ ಎಷ್ಟು ತುಟ್ಟಿಯಾಯಿತು ನೋಡು. ತಪ್ಪು ನನ್ನದು, ಬೈಯುವುದು ನಿನ್ನನ್ನು. ಇದೂ ಹಳೆಯ ಅಭ್ಯಾಸವೇ.

ಆದರೆ ಕೊನೆಗೆ ಉಸಿರು ಸಾಲದಾದಾಗ ತಮಾಷೆ ಬಿಟ್ಟೆಯಂತೆ. ಸಂಘಕ್ಕೆ ಫೋನು ಮಾಡಿ, ಪಾಳಿಗೆ ಯಾರಾದರೂ ಬರುತ್ತಾರೆ, ಕಾಗುಣಿತ ಇದ್ದರೆ ಅವನನ್ನೇ ಕಳಿಸಿ ಅನ್ನಿ ಎಂದೆಯಂತೆ. ನರ್ಸಮ್ಮ ಮಾಡಿದ್ದು ಬುಧವಾರ. ನಾನು ಬರುವುದು ಮಂಗಳವಾರ, ಶುಕ್ರವಾರ. ಫೋನು ಎತ್ತಿದ ನಮ್ಮ ಗುಮಾಸ್ತೆ ಪಟ್ಟಿಯಲ್ಲಿ ನಿನ್ನ ಹೆಸರು ನೋಡಿದರು. "ಅವರು ತೀರಿಕೊಂಡು ನಾಲ್ಕು ವರ್ಷ ಆಯ್ತಮ್ಮ. ನಮ್ಮ ಪತ್ರಿಕೆಯಲ್ಲೇ ಬಂದಿದೆ," ಅಂದರು. ನರ್ಸಮ್ಮ, "ಈಗ ತಾನೇ ಅವರಿಗೆ ಮಾತ್ರೆ ಕೊಟ್ಟು ಬಂದಿದೀನಿ," ಅಂದದ್ದಕ್ಕೆ, ಇಂಥ ತಮಾಷೆ ಮಾಡಬಾರದು ಎಂದು ಇಟ್ಟುಬಿಟ್ಟರು. ಗುಮಾಸ್ತೆಯನ್ನು ನಾನು ಒಂದು ಮಾತೂ ಅನ್ನಲಿಲ್ಲ. ಅವರು ನಂಬಿದ್ದು ನನ್ನ ಅಕ್ಷರವನ್ನು.

ನರ್ಸಮ್ಮ ನಿನಗೆ ಸುಳ್ಳು ಹೇಳಿದರಂತೆ, ಬರುತ್ತಿದ್ದಾರೆ ಎಂದು. ನೀನು ಕುರ್ಚಿ ಹಾಕಿಸಿಕೊಂಡೆ. ವಾರ್ಡಿನಲ್ಲಿ ಕುರ್ಚಿ ಕಡಿಮೆ, ಪಕ್ಕದ ಹಾಸಿಗೆಯ ಕಡೆಯವರು ಕೇಳಿದರೆ ಕೊಡಗೊಡಲಿಲ್ಲವಂತೆ. ನಮ್ಮವನು ಬರುತ್ತಾನೆ, ಅವನಿಗೆ ನಿಂತರೆ ಮಂಡಿ ನೋವು ಅಂದೆಯಂತೆ. ಮಂಡಿ ನೋವಿನದು ನೆನಪಿಟ್ಟುಕೊಂಡಿದ್ದೆಯಲ್ಲೋ. ಬುಧವಾರ, ಗುರುವಾರ, ಶುಕ್ರವಾರ. ಶುಕ್ರವಾರ ಬೆಳಿಗ್ಗೆ ನಾನು ಈ ಕೋಣೆಯಲ್ಲಿ ಕೂತು ಬೇರೆ ಯಾರದೋ ಸಾವಿನ ಸಾಲಿನಲ್ಲಿ ಅಲ್ಪವಿರಾಮ ಹುಡುಕುತ್ತಿದ್ದೆ. ಅವತ್ತು ಮಧ್ಯಾಹ್ನ ನರ್ಸಮ್ಮ ಬೇರೆ ವಾರ್ಡಿಗೆ ಹೋಗಿ ಬರುವಷ್ಟರಲ್ಲಿ ನೀನು ಹೋಗಿದ್ದೆ. ನಿನ್ನ ಒಂದು ಕೈ ಕುರ್ಚಿಯ ಮೇಲಿತ್ತಂತೆ.

ನಿನ್ನ ದಿಂಬಿನ ಕೆಳಗಿದ್ದ ಪುಟವನ್ನು ಅವರು ನನ್ನ ಕೈಗೆ ಕೊಟ್ಟರು. ನನ್ನ ಎಂಟು ಸಾಲನ್ನು ನೀನು ಪೆನ್ಸಿಲಿನಲ್ಲಿ ತಿದ್ದಿದ್ದೆ. 'ಇವರು ಯಾರ ಮೇಲೂ ಕೋಪಿಸಿಕೊಂಡವರಲ್ಲ' ಎಂಬುದರ ಪಕ್ಕ 'ಸುಳ್ಳು'. 'ಮುಟ್ಟಿದರೆ ಸಾಕು, ಕಲ್ಲಿನ ವಯಸ್ಸು ಹೇಳುತ್ತಿದ್ದರು' ಎಂಬುದರ ಪಕ್ಕ 'ಅರ್ಧ ಸುಳ್ಳು'. 'ಸ್ನೇಹಿತರನ್ನು ಎಂದೂ ಮರೆಯಲಿಲ್ಲ' ಎಂಬ ಕೊನೆಯ ಸಾಲನ್ನು ನಾನು ಅವತ್ತು, ಆ ಸಮಾಧಾನದಲ್ಲೂ ಆರದ ಹೊಟ್ಟೆಯುರಿಯಿಂದ, ಚುಚ್ಚಲೆಂದೇ ಬರೆದಿದ್ದೆ. ಅದನ್ನು ಮೊದಲು ಹೊಡೆದುಹಾಕಿ, ಆಮೇಲೆ ಅದರ ಕೆಳಗೆ ಸಾಲಾಗಿ ಚುಕ್ಕಿ ಇಟ್ಟಿದ್ದೆ.

ಆಗ ಎದ್ದು ಹೋಗಿ ನಿನ್ನ ಚೀಟಿ ತೆಗೆದು ತಿರುಗಿಸಿದೆ. 'ನನ್ನ ವಿಷಯ ಇವರನ್ನು ಕೇಳಿ' ಎಂಬಲ್ಲಿ ನಿನ್ನ ಉದ್ದುದ್ದ ಅಕ್ಷರ: 'ಕಾಗುಣಿತ. ಅವನು ಹೇಳುವವರೆಗೆ ನಾನು ಸಾಯುವುದಿಲ್ಲ.' ಅಷ್ಟೇ ಇತ್ತು. ಒಂದು ಸಲ ತಿರುಗಿಸಿದ್ದರೆ ನಿನ್ನನ್ನು ಕೇಳಬೇಕಾದವನು, ಹುಡುಕಬೇಕಾದವನು ನಾನೇ ಎಂದು ತಿಳಿಯುತ್ತಿತ್ತು. ನರ್ಸಮ್ಮನ ಎದುರೇ ಅತ್ತೆ. ಅವರು ಸಮಾಧಾನ ಮಾಡಲಿಲ್ಲ, ಅದು ನ್ಯಾಯವೇ.

ಸಂಘದ ಅಧ್ಯಕ್ಷರಿಗೆ ಹೇಳಿದೆ, ಈ ವರ್ಷದ ಪುಟದಲ್ಲಿ ನಿನ್ನ ಹೆಸರು ಮತ್ತೆ ಹಾಕಬೇಕು, ನಡೆದದ್ದನ್ನೂ ಬರೆಯಬೇಕು ಎಂದು. ಅವರು ತಿಪ್ಪೆ ಸಾರಿಸಲು ನೋಡಿದರು. ಒಂದು ಸಲ ಹಾಕಿಯಾಗಿದೆ, ಜನ ಎದ್ದು ನಿಂತೂ ಆಗಿದೆ, ಈಗ ಕೆದಕಿದರೆ ಪಾಳಿಯ ಮೇಲಿನ ನಂಬಿಕೆಯೇ ಹೋಗುತ್ತದೆ ಅಂದರು. ಹಾಕದಿದ್ದರೆ ನಾನು ಈ ಪುಟವನ್ನು ಮುಟ್ಟುವುದಿಲ್ಲ ಅಂದೆ. ಕೊನೆಗೆ, 'ಕಚೇರಿಯ ಕಣ್ತಪ್ಪು' ಎಂದು ಹಾಕಿ ಅಂದರು. ಕರಡು ಬಂದಾಗ ಆ ಎರಡು ಪದ ಹೊಡೆದು ನನ್ನ ಹೆಸರು ಬರೆದೆ. ನಿನ್ನೆ ಅಚ್ಚಾಗಿ ಬಂತು: 'ಇವರು ತೀರಿಕೊಂಡದ್ದು ಈ ವರ್ಷ. ನಾಲ್ಕು ವರ್ಷದ ಹಿಂದೆ ಇವರು ತೀರಿಕೊಂಡರೆಂದು ವಿಚಾರಿಸದೆ ಬರೆದವನು ನಾನು. ಆದ್ದರಿಂದ ಇವರು ಕರೆದಾಗ ಯಾರೂ ಹೋಗಲಿಲ್ಲ.' ಕೆಳಗೆ ನನ್ನ ಪೂರ್ತಿ ಹೆಸರು. ಈ ಸಲ ಹೊಗಳಿಕೆ ಒಂದು ಸಾಲೂ ಇಲ್ಲ.

ಬೆಳಿಗ್ಗೆ ಸಭೆಯಲ್ಲಿ ಅದನ್ನು ನಾನೇ ಓದಿದೆ. ನಮ್ಮ ತಂಡದ ಏಳು ಜನರಲ್ಲಿ ನನ್ನನ್ನು ಬಿಟ್ಟು ಬಂದಿದ್ದವರು ನಾಲ್ವರು. ಮೂವರು ಎದ್ದು ನಿಂತರು. ವಕೀಲ ಏಳಲಿಲ್ಲ, ತಲೆ ತಗ್ಗಿಸಿ ಕೂತೇ ಇದ್ದ. ಹೊರಗೆ ಬಂದ ಮೇಲೆ ಯಾರೂ ನನ್ನ ಜೊತೆ ಮಾತಾಡಲಿಲ್ಲ. ಗುಮಾಸ್ತೆ ಮಾತ್ರ ಒಂದು ಲೋಟ ನೀರು ತಂದಿಟ್ಟು ಹೋದರು.

ಈಗ ನಿನ್ನ ಚೀಟಿಯನ್ನು ಮೂರನೆಯ ಕಪಾಟಿಗೆ ಎರಡನೇ ಸಲ ಹಾಕಿದ್ದೇನೆ, ಈ ಸಲ ತಿರುಗಿಸಿ ನೋಡಿ. ಆಮೇಲೆ ಮೊದಲನೆಯ ಕಪಾಟಿನಿಂದ ನನ್ನದನ್ನು ತೆಗೆದೆ. ಅದರ ಹಿಂಬದಿಯಲ್ಲಿ ನನ್ನ ವಿಷಯ ಕೇಳಬೇಕಾದವರೆಂದು ನಿನ್ನ ಹೆಸರಿದೆ, ನಲವತ್ತು ವರ್ಷದಿಂದ. ತಂಗಿಯ ಹೆಸರು ಬರೆಯೋಣವೆಂದು ನಿನ್ನದನ್ನು ಹೊಡೆದೆ.  ಕೊನೆಗೆ ನಿನ್ನ ಹೆಸರಿನ ಕೆಳಗೆ ಸಾಲಾಗಿ ಚುಕ್ಕಿ ಇಟ್ಟೆ.

ಹೊಟ್ಟೆಗೆ ಹಾಕಿಕೊ ಎಂದು ಕೇಳುವ ಮುಖ ನನಗಿಲ್ಲ. ನೀನು ಹೋದ ಕಡೆ ಉಸಿರು ಸಲೀಸಾಗಿ ಬರಲಿ, ಪಕ್ಕದಲ್ಲಿ ಅತ್ತಿಗೆ ಕೂತಿರಲಿ. ನನ್ನ ಸರದಿ ಬಂದಾಗ ಕುರ್ಚಿ ಹಿಡಿದಿಡಬೇಡ, ನಾನು ನಿಂತೇ ಇರುತ್ತೇನೆ.

ಕೇಳದೆ ನಿನ್ನನ್ನು ಕಳಿಸಿಕೊಟ್ಟ,
ನಿನ್ನ ಕಾಗುಣಿತ