ನಲವತ್ತೊಂದು ಕಚ್ಚಿನ ಕೋಲು

ಜುಲೈ 3
ಬೆಳಿಗ್ಗೆ ಆರು ಮಕ್ಕಳಿಗೆ ಚುಚ್ಚುಮದ್ದು. ಒಂದೂ ಅಳದೆ ಬಿಡಲಿಲ್ಲ. ಮಧ್ಯಾಹ್ನ ಆರೋಗ್ಯ ಕೇಂದ್ರಕ್ಕೆ ಬೀಗ ಹಾಕಿ ಬಂದರೆ, ಅಪ್ಪ ಒಣಗಿಸಿಡಲು ಇರುಳ ಹಿಮಕ್ಕೆ ಹರಡಿದ ಆಲೂಗಡ್ಡೆಯನ್ನು ನೀರು ಹೋಗಲೆಂದು ತುಳಿಯುತ್ತಿದ್ದ — ಬರಿಗಾಲಲ್ಲಿ, ಎಪ್ಪತ್ತಾರರ ವಯಸ್ಸಿನಲ್ಲಿ. ಕೇಳಿದ್ದು ಒಂದೇ.

"ಕೋಲು ಬಂತಾ, ಬಾಸಿ?"

"ರೆನಾತ ಸೆಪ್ಟೆಂಬರಿಗೆ ಕೊಡ್ತೀನಿ ಅಂದಿದಾಳಲ್ಲಪ್ಪ."

"ಹೂಂ. ಹಕ್ಕಿಗಳಿಗೂ ಹೇಳ್ಬಿಡು, ಅಲ್ಲೀವರೆಗೆ ಗೂಡು ಕಟ್ಟದೆ ಕಾಯ್ಲಿ ಅಂತ."

ಜುಲೈ 11
ಇವತ್ತೂ ಅದೇ ಪ್ರಶ್ನೆ. ಪಾಪ, ಸುಮ್ಮನೆ ಕೇಳುವುದಲ್ಲ. ಎಂಬತ್ತಮೂರನೇ ಇಸವಿಯಿಂದ ಪ್ರತಿ ಸೆಪ್ಟೆಂಬರ್ ದೋಣಿಯಲ್ಲಿ ಸರೋವರದ ಜೊಂಡಿನೊಳಗೆ ಹೋಗುತ್ತಾನೆ. ಹಕ್ಕಿ ನೀರಿಗಿಂತ ಎಷ್ಟು ಮೇಲೆ ಗೂಡು ಕಟ್ಟಿದೆ, ಅಳೆದು ಕೋಲಿಗೊಂದು ಕಚ್ಚು. ಆ ವರ್ಷ ಬೆಳೆ ಏನಾಯಿತು ಎಂದು ಪಕ್ಕದಲ್ಲಿ ಗುರುತು. ಗೂಡು ಮೇಲಿದ್ದರೆ ನೀರು ಏರುತ್ತದೆ, ಗುಡ್ಡದ ಮೇಲೆ ಬಿತ್ತಬೇಕು. ತಗ್ಗಿನಲ್ಲಿದ್ದರೆ ದಡದಲ್ಲಿ ಬಿತ್ತಬೇಕು. ಊರಿಗೆ ಊರೇ ಅಪ್ಪನ ಮಾತಿಗೆ ಕಾಯುತ್ತದೆ.

ರೆನಾತ ಲಿಮಾದಿಂದ ಬಂದಿದ್ದೂ ಅದಕ್ಕೇ. ಎರಡು ಚಳಿಗಾಲ ನಮ್ಮ ಮನೆಯಲ್ಲೇ ಇದ್ದಳು. "ವಿಜ್ಞಾನದ ಚರಿತ್ರೆ ಅಂದ್ರೆ ಯುರೋಪಿನ ನಾಲ್ಕು ಊರಿನ ಕಥೆ ಅಲ್ಲ. ನಿಮ್ಮಪ್ಪನ್ನೂ ಅದರೊಳಗೆ ಕೂರಿಸ್ತೀನಿ ನೋಡ್ತಿರು, ಹೆಸರು ಸಮೇತ." ಮಾರಿಬೆಲ್‌ಳ ಮೊದಲ ಕೂದಲಿಗೆ ಕತ್ತರಿ ಇಟ್ಟವಳು ಅವಳೇ. ಅಂದಿನಿಂದ ನನ್ನ ಮಗಳಿಗೆ ಎರಡನೇ ತಾಯಿ, ನನಗೆ ಕೊಮಾದ್ರೆ — ಒಡಹುಟ್ಟಿದವಳಿಗಿಂತ ಹತ್ತಿರದ ನಂಟು.

ಮಾರ್ಚಿನಲ್ಲಿ ಮ್ಯೂಸಿಯಂ ಪ್ರದರ್ಶನಕ್ಕೆಂದು ಕೋಲು ಒಯ್ಯುವಾಗ ಒಂದು ಕಾಗದ ಮುಂದಿಟ್ಟಳು. ಕೊಮಾದ್ರೆ ಕೊಟ್ಟ ಕಾಗದವನ್ನು ಅವಳೆದುರೇ ಕೂತು ಓದುವುದುಂಟೇ? ಮುಖಕ್ಕೆ ಹೊಡೆದ ಹಾಗೆ. ಸಹಿ ಹಾಕಿದೆ.

ಆಗಸ್ಟ್ 19
ರೆನಾತಳಿಗೆ ನಾಲ್ಕು ಸಲ ಫೋನ್ ಮಾಡಿದೆ. ಎತ್ತಲಿಲ್ಲ. ಸಂಜೆ ಮೆಸೇಜ್ — "ಸೆಪ್ಟೆಂಬರ್ 12ಕ್ಕೆ ಉದ್ಘಾಟನೆ, ಬಾ ಕೊಮಾದ್ರೆ." ಅಪ್ಪನಿಗೆ ಓದಿ ಹೇಳಿದೆ, ಕೋಲೂ ಆವತ್ತೇ ತರ್ತೀನಿ ಎಂದೆ. ಟೋಪಿ ಸರಿಮಾಡಿಕೊಂಡ. ಯಾರೋ ಫೋಟೋ ತೆಗೆಯಲು ಬಂದ ಹಾಗೆ!

ಸೆಪ್ಟೆಂಬರ್ 12, ಲಿಮಾ, ಸಂಜೆ 7
ಬರೆಯಲೇಬೇಕು.

ಗೋಡೆಯ ಮೇಲೆ ದೊಡ್ಡ ಅಕ್ಷರ — ವಿಜ್ಞಾನಕ್ಕೆ ಹಲವು ತವರು. ಮೊದಲಿಗೆ ಯುರೋಪಿನದೊಂದು ಹಳೇ ವಾಯುಭಾರಮಾಪಕ. ಮಾಡಿದವನ ಹೆಸರು, ಹುಟ್ಟಿದ ವರ್ಷ, ಸತ್ತ ವರ್ಷ, ಅವನ ಬೀದಿಯ ಹೆಸರು ಕೂಡ. ಪಕ್ಕದಲ್ಲಿ ಅಪ್ಪನ ಕೋಲು. ಲೇಬಲ್: "ಅಳತೆಕೋಲು. ಮಾಡಿದವರು ಅಜ್ಞಾತ. ಡಾ. ರೆನಾತ ಉಗಾರ್ತೆ ಸಂಗ್ರಹ."

"ಅಜ್ಞಾತ ಯಾರು, ಕೊಮಾದ್ರೆ? ಅವನ ಕೈಯಡುಗೆ ನೀನು ಉಂಡಿದೀಯ."

"ಮ್ಯೂಸಿಯಂ ನಿಯಮ ಬಾಸಿಲಿಯಾ. ಬದುಕಿರೋರ ಹೆಸರು ಹಾಕಿದ್ರೆ ಹಕ್ಕು-ಗಿಕ್ಕು ಅಂತ ತಕರಾರು ಬರುತ್ತೆ. ಪುಸ್ತಕದಲ್ಲಿ ನೋಡೋಣ."

"ಬೇಡ. ಕೋಲು ಕೊಡು. ಬಿತ್ತನೆ ಹತ್ತಿರ ಬಂತು."

ಫೈಲ್ ತರಿಸಿದಳು. ನನ್ನದೇ ಸಹಿ. ಮೇಲೆ — ಶಾಶ್ವತ ದಾನ.

"ಓದ್ಲಿಲ್ವಾ?" ಎಂದಳು. ನಿಜವಾಗಿಯೂ ಆಶ್ಚರ್ಯಪಟ್ಟಂತೆ.

ಬೆನ್ನಿಗೆ ಚೂರಿ ಹಾಕಿ, ಬೆನ್ನು ಯಾಕೆ ತಿರುಗಿಸಿದೆ ಎಂದು ಕೇಳುತ್ತಾಳೆ. ನನ್ನ ಮಗಳ ಕೂದಲು ಹಿಡಿದ ಕೈ ಅದು. ಅಸಹ್ಯವಾಗುತ್ತಿದೆ.

ಫೋಟೋ ತೆಗೆಯಲು ಬಿಡಲಿಲ್ಲ. ಗಾಜಿಗೆ ಮೂಗು ಒತ್ತಿ ಕಚ್ಚುಗಳನ್ನು ಇದೇ ಪುಸ್ತಕದ ಹಿಂದಿನ ಪುಟಕ್ಕೆ ಇಳಿಸಿಕೊಂಡೆ. ಇಪ್ಪತ್ತೊಂದು ಸಿಕ್ಕವು. ಮೊದಲ ಇಪ್ಪತ್ತು ವರ್ಷ ಗೋಡೆಯ ಕಡೆಗೆ ತಿರುಗಿವೆ. ತಿರುಗಿಸಿ ಎಂದೆ. ಕಾವಲುಗಾರ ಹೊರಗೆ ಕಳಿಸಿದ.

ಸೆಪ್ಟೆಂಬರ್ 27
ಅಪ್ಪನಿಗೆ ಇನ್ನೂ ಹೇಳಿರಲಿಲ್ಲ, ಪ್ರದರ್ಶನ ಮುಗಿದ ಮೇಲೆ ಬರುತ್ತೆ ಎಂದು ದಿನ ತಳ್ಳಿದ್ದೆ… ಇವತ್ತು ಹೇಳಲೇಬೇಕಾಯಿತು. ಜೊಂಡಿನಿಂದ ಬಂದವನೇ ದೋಣಿ ಕೂಡ ಕಟ್ಟಲಿಲ್ಲ. ಈ ಸಲ ಗೂಡು ಅರ್ಧ ಮೇಲೆ, ಅರ್ಧ ತೀರಾ ಕೆಳಗೆ.

"ಹಿಂದೊಂದ್ಸಲ ಹಿಂಗೇ ಆಗಿತ್ತು. ಮಾರಿಬೆಲ್ ಅಲ್ಲ, ನೀನು ಚಿಕ್ಕವಳಿದ್ದಾಗ. ಕೋಲು ನೋಡಿದ್ರೆ ಗೊತ್ತಾಗುತ್ತೆ."

ಎಲ್ಲ ಹೇಳಿದೆ. ಅಜ್ಞಾತ ಎಂದು ಬರೆದಿದ್ದನ್ನೂ. ಎದ್ದು ಹೋಗಿ ದೋಣಿ ಕಟ್ಟಿ ಬಂದ.

"ಅವಳು ಹೊರಗಿನವಳು, ಬಿಡು. ಗೂಟದಿಂದ ಕೋಲು ಇಳಿಸಿ ಅವಳ ಕೈಗೆ ಕೊಟ್ಟೋಳು ನೀನು."

ಬೈದಿದ್ದರೆ ಚೆನ್ನಾಗಿತ್ತು.

ಅಕ್ಟೋಬರ್ 4
ಊರವರು ಬಂದಿದ್ದರು. ಗುಡ್ಡವೋ ದಡವೋ? "ನಾಳೆ ಹೇಳ್ತೀನಿ" ಎಂದ ಅಪ್ಪ. ನಲವತ್ತೊಂದು ವರ್ಷದಲ್ಲಿ ಇಂಥ ಮಾತು ಆಡಿದ್ದಿಲ್ಲ. ಎದುರುಮನೆ ಅಸುಂತ ಅತ್ತೆ ನನ್ನ ಕಡೆ ನೋಡಿ, "ಲಿಮಾಕ್ಕೆ ಫೋನ್ ಮಾಡಿ ಕೇಳಮ್ಮ, ನಿನ್ನ ಕೊಮಾದ್ರೆಗೆ ಗೊತ್ತಿರುತ್ತೆ" ಎಂದಳು. ಎಲ್ಲರೂ ನಕ್ಕರು. ಅಪ್ಪನೊಬ್ಬ ನಗಲಿಲ್ಲ.

ಅಕ್ಟೋಬರ್ 5, ಬೆಳಿಗ್ಗೆ 8
ಗೋಡೆಯ ಕಡೆ ತಿರುಗಿದ್ದ ವರ್ಷಗಳನ್ನು ಅಪ್ಪ ಕಣ್ಣು ಮುಚ್ಚಿ ಹೇಳುತ್ತಿದ್ದಾನೆ, ನಾನು ಬರೆಯುತ್ತಿದ್ದೇನೆ. ಅಂಗಳದಲ್ಲಿ ಹನ್ನೊಂದು ಮನೆಯವರು ಬೀಜದ ಗಡ್ಡೆ ಇಳಿಸಿ ಕೂತಿದ್ದಾರೆ.

ಎಂಬತ್ತಮೂರು — ತಗ್ಗು, ಬರ.
ಎಂಬತ್ತನಾಲ್ಕು — ಎರಡು ಗೇಣು, ಒಳ್ಳೆ ಗಡ್ಡೆ.
ಎಂಬತ್ತೈದು — ಮೂರು ಗೇಣು, ದಡ ಮುಳುಗಿತು.
ಎಂಬತ್ತಾರು — ನಾಲ್ಕು. ಅಲ್ಲ, ಮೂರು. ಅಲ್ಲ…

ಕಣ್ಣು ತೆರೆದ. ಒಂದು ಬೆರಳು ಹೆಚ್ಚುಕಮ್ಮಿಯಾದರೂ ವಾಪಸ್ ದೋಣಿ ತಿರುಗಿಸಿ ಹೋಗಿ ಅಳೆದು ಬರುತ್ತಿದ್ದವನು.

"ಏನೋ ಒಂದು ಬರ್ಕೋ ಮಗಳೇ" ಎಂದ. "ಜನ ಕಾಯ್ತಿದಾರೆ."

ಎಂಬತ್ತಾರು —